ಏಳನೆಯ ತರಗತಿಯ ಆಚೆಗಿನ ದಾರಿ: ಶಿಕಾರಿಪುರ–ಸೊರಬ ಸೀಮೆಯಲ್ಲಿ ಹೆಣ್ಣುಮಕ್ಕಳ ಓದಿನ ಚರಿತ್ರೆ



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವನ್ನು ನಾವು ಹೊಸ ತೆನೆ ಮತ್ತು ಹೂವುಗಳೊಂದಿಗೆ ಕೊಂಡಾಡುತ್ತೇವೆ. ಚಿಕ್ಕ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆಯ ಪ್ರತಿಮೆಯ ಮುಂದೆ ಅರ್ಪಿಸುವುದನ್ನು ಕಂಡು ನಮ್ಮ ಮನಸ್ಸು ತುಂಬಿ ಬರುತ್ತದೆ. ಭಾರತದ ಧರ್ಮಸಭೆ ಇದೇ ದಿನವನ್ನು ಹೆಣ್ಣುಮಗುವಿನ ದಿನವಾಗಿಯೂ ಆಚರಿಸುತ್ತದೆ. ಒಂದು ಹೆಣ್ಣುಮಗುವಿನ ಜನನವನ್ನು ಹಬ್ಬವಾಗಿ ಆಚರಿಸುವ ನಾವು, ನಮ್ಮ ನಡುವೆ ಹುಟ್ಟಿದ ಹೆಣ್ಣುಮಗುವಿನ ಬೆಳವಣಿಗೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡುತ್ತೇವೆಯೇ? ಹೂವು ತಂದ ಆ ಮಗು ಏಳನೆಯ ತರಗತಿ ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಆರಿಸಿಕೊಂಡಿರುವುದು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸೀಮೆಯನ್ನು. ಅರ್ಧ ಮಲೆನಾಡು, ಅರ್ಧ ಬಯಲುಸೀಮೆಯಾದ ಈ ನೆಲಕ್ಕೆ ವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಹೆಣ್ಣುಮಗುವಿಗೆ ಪ್ರೌಢಶಾಲೆಯ ಬಾಗಿಲು ತೀರಾ ತಡವಾಗಿ ತೆರೆದದ್ದೂ ಇದೇ ನೆಲದಲ್ಲಿ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ನಮಗೆ ಪಾಠ ದೊರೆಯುತ್ತದೆ.

ಕಲ್ಲುಗಳು ಹೇಳುವ ಕಥೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲಿನ ಕಂಬವಿದೆ. ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ, ಅಂದರೆ 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಶಾಸನ ಅದರ ಮೇಲಿದೆ. ಮಯೂರಶರ್ಮನೆಂಬ ತರುಣ ತನ್ನ ತಾತ ವೀರಶರ್ಮನೊಂದಿಗೆ ದೂರದ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು ಅದು ತಿಳಿಸುತ್ತದೆ. ಅಲ್ಲಿ ಆದ ಅವಮಾನದಿಂದ ಅವನು ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ನಮಗೆಲ್ಲ ಗೊತ್ತು. ಆದರೆ ಆ ಕಥೆಯ ಮೊದಲ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೆಚ್ಚಿನ ಓದಿಗಾಗಿ ಊರು ಬಿಟ್ಟು ಹೋದವನ ನೆನಪು ಈ ಸೀಮೆಯ ಕಲ್ಲಿನಲ್ಲಿ ಅಷ್ಟು ಹಿಂದೆಯೇ ಉಳಿದಿದೆ. ಹೋದವನು ಹುಡುಗ, ಜೊತೆಗೆ ನಡೆದವರು ತಾತ. ಊರಿನಲ್ಲಿ ಇಲ್ಲದ ವಿದ್ಯೆಗಾಗಿ ಊರು ದಾಟಬೇಕು, ದಾಟುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಬೇಕು ಎಂಬ ಈ ಎರಡು ಮಾತುಗಳನ್ನು ದಯವಿಟ್ಟು ನೆನಪಿನಲ್ಲಿಡಿ.

ಅದೇ ತಾಲ್ಲೂಕಿನ ಬಳ್ಳಿಗಾವಿ 11 ಮತ್ತು 12ನೆಯ ಶತಮಾನಗಳಲ್ಲಿ ನಾಡಿನ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು 1162ರ ಶಾಸನ ವರ್ಣಿಸುತ್ತದೆ. ನಾಲ್ಕು ವೇದ, ಹಲವು ವ್ಯಾಕರಣಗಳು, ಆರು ದರ್ಶನಗಳು, ಪುರಾಣ, ಕಾವ್ಯ, ನಾಟಕ ಇವೆಲ್ಲ ಅಲ್ಲಿ ಕಲಿಯುವ ವಿಷಯಗಳು. ದೀನರಿಗೆ, ಅಂಧರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ತಾಳಗುಂದದ ಅಗ್ರಹಾರದಲ್ಲಿಯೂ ವೇದದ ಜೊತೆಗೆ ಕನ್ನಡ ಕಲಿಸುವವರಿಗೆ ವೃತ್ತಿ ಕೊಟ್ಟ ದಾಖಲೆಯಿದೆ. ಶಾಲೆ, ಊಟ, ಔಷಧ ಒಂದೇ ಸೂರಿನಡಿ ಇರಬೇಕೆಂಬ ತಿಳಿವಳಿಕೆ ಎಷ್ಟು ಹಳೆಯದು ನೋಡಿ! ಆದರೆ ಈ ಉದಾರವಾದ ವರ್ಣನೆಯಲ್ಲಿ ಪಾಠಕ್ಕೆ ಕುಳಿತ ಹುಡುಗಿಯ ಚಿತ್ರ ನಮಗೆ ಕಾಣಸಿಗುವುದಿಲ್ಲ.

ಹಾಗಾದರೆ ಈ ನಾಡಿನ ಹೆಣ್ಣಿಗೆ ಸಾಮರ್ಥ್ಯ ಇರಲಿಲ್ಲವೇ? ಕಲ್ಲುಗಳೇ ಅದಕ್ಕೂ ಉತ್ತರ ಕೊಡುತ್ತವೆ. ಈ ಎರಡು ತಾಲ್ಲೂಕುಗಳ ಬಹುಭಾಗ ಹಿಂದೆ ನಾಗರಖಂಡ ಎಂಬ ನಾಡಿಗೆ ಸೇರಿತ್ತು. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ಅಧಿಕಾರಿ ತೀರಿಕೊಂಡಾಗ ಅವನ ಪತ್ನಿ ಜಕ್ಕಿಯಬ್ಬೆಗೆ ಆ ಅಧಿಕಾರ ದೊರೆಯಿತು. ಅವಳು ಸಮರ್ಥವಾಗಿ ಆಡಳಿತ ನಡೆಸಿದಳೆಂದು ಶಾಸನ ಹೊಗಳುತ್ತದೆ. ರೋಗ ಬಂದಾಗ ಮಗಳನ್ನು ಕರೆಸಿ, ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿ, ಇಂದಿನ ಬಂದಳಿಕೆಯ ಬಸದಿಯಲ್ಲಿ ವ್ರತದಿಂದ ದೇಹ ಬಿಟ್ಟಳು. ಅನಂತರ 12ನೆಯ ಶತಮಾನದಲ್ಲಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಅಕ್ಕಮಹಾದೇವಿ ಹೊರಟಳು. ಹಿರೇಜಂಬೂರಿನಿಂದ ವಚನಕಾರ್ತಿ ಸತ್ಯಕ್ಕ ಬಂದಳು. ಅಲ್ಲಮಪ್ರಭುವಿನ ಊರು ಬಳ್ಳಿಗಾವಿ. ಒಂದು ದಿನದ ನಡಿಗೆಯ ಅಂತರದಲ್ಲಿ ಇಷ್ಟು ದೊಡ್ಡ ಹೆಸರುಗಳು!

ಆದರೆ ಇಲ್ಲಿ ನಾವು ಎಚ್ಚರದಿಂದಿರಬೇಕು. ಜಕ್ಕಿಯಬ್ಬೆ, ಅಕ್ಕಮಹಾದೇವಿ, ಸತ್ಯಕ್ಕ ಇವರು ತಮ್ಮ ಕಾಲವನ್ನು ಮೀರಿ ನಿಂತವರು. ಮೀರಿ ನಿಂತ ಒಬ್ಬಳನ್ನು ತೋರಿಸಿ, ಬಾಗಿಲು ಎಲ್ಲರಿಗೂ ತೆರೆದಿತ್ತು ಎಂದು ಹೇಳಲಾಗದು. ಸೊರಬದ ಊರೂರುಗಳಲ್ಲಿ ವೀರಗಲ್ಲುಗಳ ಪಕ್ಕದಲ್ಲಿ ಮಾಸ್ತಿಕಲ್ಲುಗಳೂ ನಿಂತಿವೆ ಎಂಬುದನ್ನು ಮರೆಯಬಾರದು. ಅಕ್ಕನ ಹೆಸರನ್ನು ಹೆಮ್ಮೆಯಿಂದ ಹೇಳುವ ನಾಡು, ಅಕ್ಕನ ಊರಿನ ಹುಡುಗಿಯನ್ನು ಶಾಲೆಗೆ ಕಳುಹಿಸಲು ಇನ್ನೂ 800 ವರ್ಷ ಕಾಯಿಸಿತು.

ಹೋಬಳಿ ಶಾಲೆಯಿಂದ ಮಹಾರಾಣಿ ಶಾಲೆಯವರೆಗೆ

ಈ ಶಾಸನಗಳನ್ನೆಲ್ಲ ಊರೂರು ತಿರುಗಿ ಸಂಗ್ರಹಿಸಿ ಮುದ್ರಿಸಿದವರು ಬಿ. ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳೂ 8ನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳೂ ಇವೆ. ಅದೇ ರೈಸ್ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. ಪ್ರತಿ ಹೋಬಳಿಗೆ ಒಂದು ಶಾಲೆ ಬೇಕೆಂಬ ಅವರ ಯೋಜನೆಗೆ 1868ರಲ್ಲಿ ಮಂಜೂರಾತಿ ಸಿಕ್ಕಿತು. ಹಳ್ಳಿಯ ಮಗುವಿಗೆ ಸರ್ಕಾರಿ ಶಾಲೆ ಹತ್ತಿರವಾದದ್ದು ಹೀಗೆ. ಆದರೂ ಹೋಬಳಿಗೆ ಒಂದೇ ಶಾಲೆ ಎಂದರೆ ಹಲವು ಹಳ್ಳಿಗಳಿಗೆ ಒಂದೇ ಶಾಲೆ. ಹುಡುಗ ನಡೆದು ಹೋಗುತ್ತಿದ್ದ. ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಳು.

ಹೆಣ್ಣುಮಕ್ಕಳಿಗಾಗಿಯೇ ಶಾಲೆ ತೆರೆಯುವ ಕೆಲಸ ಮೊದಲು ನಡೆದದ್ದು ಪಟ್ಟಣಗಳಲ್ಲಿ. ಬೆಂಗಳೂರಿನಲ್ಲಿ 1840ರ ದಶಕದಲ್ಲಿ ಲಂಡನ್ ಮಿಷನ್ನಿನ ಮಹಿಳೆಯರು ಕನ್ನಡ ಬಾಲಕಿಯರ ಶಾಲೆ ಆರಂಭಿಸಿದರು. 1870ರ ನವೆಂಬರ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಮಂಗಳೂರಿಗೆ ಬಂದಿಳಿದು ಸಂತ ಆ್ಯನ್ಸ್ ಕಾನ್ವೆಂಟಿನಲ್ಲಿ ಬಾಲಕಿಯರ ಶಿಕ್ಷಣಕ್ಕೆ ತೊಡಗಿದರು. ಅದೇ ಸಭೆ 1921ರಲ್ಲಿ ಸಂತ ಆ್ಯಗ್ನೆಸ್ ಮಹಿಳಾ ಕಾಲೇಜನ್ನು ತೆರೆಯಿತು. ಮೈಸೂರಿನಲ್ಲಿ 1881ರಲ್ಲಿ ಅರಮನೆಯ ಆಶ್ರಯದಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೆ ಮಂಗಳೂರು, ಮೈಸೂರು, ಬೆಂಗಳೂರುಗಳಿಂದ ಸೊರಬಕ್ಕೆ ಎಷ್ಟು ದೂರ! ಘಟ್ಟದ ಕೆಳಗಿನಿಂದ ಮಲೆನಾಡಿನ ತೋಟಗಳಿಗೆ ಕೂಲಿಗಾಗಿ ಬಂದ ಬಡ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳಿಗೂ ಆ ಶಾಲೆಗಳು ಎಟಕುವಂತಿರಲಿಲ್ಲ.

ಕಾನೂನು ಕೂಡ ನಿಧಾನವಾಗಿಯೇ ನಡೆಯಿತು. 1894ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹ ತಡೆ ಶಾಸನ ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ಅದು ನಿಷೇಧಿಸಿತು. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಅಂದಿನ ಕಾಲಕ್ಕೆ ಇದು ಧೈರ್ಯದ ಕಾನೂನು. ಆದರೆ 8 ವರ್ಷ ತುಂಬಿದೊಡನೆ ಮದುವೆ ಮಾಡಬಹುದಾದ ಸಮಾಜದಲ್ಲಿ ಪ್ರೌಢಶಾಲೆಯ ಮಾತು ಎಲ್ಲಿಂದ ಬರಬೇಕು? 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಅದು ಅನ್ವಯವಾದದ್ದು ಆಯ್ದ ಸ್ಥಳಗಳಿಗೆ, ಅದೂ ಮುಖ್ಯವಾಗಿ ಗಂಡುಮಕ್ಕಳಿಗೆ.

ಈಸೂರಿನ ತಾಯಂದಿರು

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಇಡೀ ದೇಶದ ಗಮನ ಸೆಳೆಯಿತು. ಬ್ರಿಟಿಷರೇ ಭಾರತ ಬಿಟ್ಟು ತೊಲಗಿ ಚಳವಳಿಯ ಕಾಲದಲ್ಲಿ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿತು. ಊರಿನ ಇಬ್ಬರು ಹುಡುಗರನ್ನು ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿತು. ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಜೀವಾವಧಿ ಶಿಕ್ಷೆಗೆ ಗುರಿಯಾದವರಲ್ಲಿ ಹಾಲಮ್ಮ, ಸಿದ್ದಮ್ಮ, ಪಾರ್ವತಮ್ಮ ಎಂಬ ಮೂವರು ಹೆಣ್ಣುಮಕ್ಕಳೂ ಇದ್ದರು.

ಈ ಘಟನೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಹೊಸ ಸರ್ಕಾರವೊಂದನ್ನು ಊಹಿಸಿಕೊಂಡಾಗಲೂ ಹುದ್ದೆ ಸಿಕ್ಕಿದ್ದು ಹುಡುಗರಿಗೆ. ಶಿಕ್ಷೆ ಬಂದಾಗ ಮಾತ್ರ ಹೆಣ್ಣಿಗೂ ಪಾಲು ಸಿಕ್ಕಿತು. ಈಸೂರಿನ ಜನರನ್ನು ದೂಷಿಸಲು ನಾನು ಇದನ್ನು ಹೇಳುತ್ತಿಲ್ಲ. ಅಂದಿನ ಕಲ್ಪನೆಯ ಗಡಿ ಎಲ್ಲಿತ್ತು ಎಂಬುದನ್ನು ಇದು ತೋರಿಸುತ್ತದೆ. 1951ರ ಜನಗಣತಿಯಂತೆ ಇಂದಿನ ಕರ್ನಾಟಕದ ಪ್ರದೇಶದಲ್ಲಿ ಅಕ್ಷರ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ. ಸ್ವತಂತ್ರ ಭಾರತದ ಸಂವಿಧಾನ ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕೆಂದು ರಾಜ್ಯಕ್ಕೆ ನಿರ್ದೇಶಿಸಿದ ಸಮಯವದು.

ಭೂಮಿಯೂ ಶಾಲೆಯೂ

ಶಾಲೆಯ ಚರಿತ್ರೆಯನ್ನು ಶಾಲೆಯ ಒಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಹೊಲ ಗದ್ದೆಗಳಲ್ಲೂ ಹುಡುಕಬೇಕು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರ ರೈತರು ಸತ್ಯಾಗ್ರಹ ಹೂಡಿದರು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾನೂನು ಉಳುವವನಿಗೆ ಹೊಲದ ಒಡೆತನ ಕೊಟ್ಟಿತು. ಗೇಣಿ ಅಳೆದು ಕೊಟ್ಟು ಉಳಿದದ್ದರಲ್ಲಿ ಹೊಟ್ಟೆ ಹೊರೆಯಬೇಕಾದ ಮನೆಯಲ್ಲಿ ಮಗಳ ಕೈಯೂ ದುಡಿಮೆಯ ಕೈಯೇ. ಸ್ವಂತ ಗದ್ದೆ ಬಂದ ಮನೆಯಲ್ಲಿ ಮೊದಲು ಮಗ ಶಾಲೆಗೆ ಹೋದ. ಒಂದು ತಲೆಮಾರು ಕಳೆದ ಮೇಲೆ ಮಗಳೂ ಹೋದಳು. ಮಲೆನಾಡಿನ ಬಹಳಷ್ಟು ಮನೆಗಳ ಕಥೆಯಿದು.

ಆದರೆ ಭೂಮಿ ಸಿಗದವರೂ ಇದ್ದರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆಮಾರು ಮುಳುಗಿದ ಕುಟುಂಬಗಳು 1960ರ ದಶಕದಲ್ಲಿ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಬಂದು ನೆಲೆಸಿದವು. ನಾಡಿಗೆ ಬೆಳಕು ಕೊಟ್ಟವರು ರಸ್ತೆಗೆ, ಶಾಲೆಗೆ, ಹಕ್ಕುಪತ್ರಕ್ಕೆ ದಶಕಗಟ್ಟಲೆ ಕಾಯಬೇಕಾಯಿತು. ಶಿಕಾರಿಪುರ ಕಡೆಯ ಲಂಬಾಣಿ ತಾಂಡಾಗಳಲ್ಲಿಯೂ ಸ್ವಂತ ಭೂಮಿ ಕಡಿಮೆ, ಮಳೆಯಾಧಾರಿತ ಬೆಳೆಯೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಗುಳೆ ಹೋಗುವುದು ಅನಿವಾರ್ಯ. ತಂದೆ ತಾಯಿ ಗುಳೆ ಹೊರಟಾಗ ಮಗಳು ಜೊತೆಗೆ ಹೋದರೆ ಶಾಲೆ ತಪ್ಪುತ್ತದೆ. ಉಳಿದರೆ ಅಜ್ಜಿಯನ್ನೂ ಚಿಕ್ಕ ತಮ್ಮ ತಂಗಿಯರನ್ನೂ ನೋಡಿಕೊಳ್ಳುವ ಹೊರೆ ಅವಳ ಮೇಲೆ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ನಷ್ಟ ಅವಳಿಗೇ.

ಏಳಕ್ಕೂ ಎಂಟಕ್ಕೂ ನಡುವಿನ ಕಂದಕ

ನಮ್ಮ ರಾಜ್ಯದಲ್ಲಿ ಬಹುಕಾಲ ಹಿರಿಯ ಪ್ರಾಥಮಿಕ ಶಾಲೆ 7ನೆಯ ತರಗತಿಗೆ ಮುಗಿಯುತ್ತಿತ್ತು, 8ರಿಂದ ಪ್ರೌಢಶಾಲೆ. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ. ಪ್ರೌಢಶಾಲೆ ಹೋಬಳಿ ಕೇಂದ್ರದಲ್ಲೋ ತಾಲ್ಲೂಕು ಕೇಂದ್ರದಲ್ಲೋ ಇರುತ್ತದೆ. ಆನವಟ್ಟಿ, ಚಂದ್ರಗುತ್ತಿ, ಶಿರಾಳಕೊಪ್ಪದಂಥ ಊರುಗಳಿಗೆ ಸುತ್ತಲಿನ ಹಳ್ಳಿಯ ಮಗು ಹೋಗಿ ಬರಬೇಕು. ಮಯೂರಶರ್ಮನಂತೆ ಊರು ದಾಟಬೇಕು. ದಾಟುವ ವಯಸ್ಸು 12, 13. ಹೆಣ್ಣುಮಗು ದೊಡ್ಡವಳಾಗುವುದೂ ಅದೇ ವಯಸ್ಸಿನಲ್ಲಿ. ಈ ಎರಡೂ ಒಂದೇ ಹೊತ್ತಿಗೆ ಬಂದು ಸೇರುವುದೇ ಎಲ್ಲ ತೊಡಕಿನ ಬೇರು.

ಮೊದಲ ತಡೆ ದಾರಿ. ಶಾಲೆ ತೆರೆಯುವುದು ಜೂನ್‌ನಲ್ಲಿ, ಮುಂಗಾರು ಇಳಿಯುವುದೂ ಜೂನ್‌ನಲ್ಲಿ. ಸೊರಬದ ಕಡೆ ಮನೆಗಳು ಒತ್ತೊತ್ತಾಗಿಲ್ಲ. ಗದ್ದೆ ಬದುವಿನ ಮೇಲೆ, ಕಾಲುಸಂಕದ ಮೇಲೆ, ಕಾನಿನ ನಡುವೆ ನಡೆದು ಬಸ್ಸಿನ ದಾರಿ ಮುಟ್ಟಬೇಕು. ಮಗ ತಡವಾಗಿ ಬಂದರೆ ಬೈಗುಳ ಸಾಕು. ಮಗಳು ತಡವಾಗಿ ಬಂದರೆ ಮರುದಿನದಿಂದ ಶಾಲೆಯೇ ಬೇಡ ಎನ್ನುವ ಮನೆಗಳಿವೆ. ಆ ತಂದೆ ತಾಯಿಯನ್ನು ಮೂಢರೆಂದು ಕರೆಯುವುದು ಸುಲಭ. ಆದರೆ ಅವರ ಭಯಕ್ಕೆ ಕಾರಣವಿದೆ. ಆ ಭಯ ಹೋಗುವಂತೆ ದಾರಿಯನ್ನು ಮಾಡಿಕೊಡುವುದು ಸಮಾಜದ ಕೆಲಸ.

ಎರಡನೆಯ ತಡೆ ಮನೆಗೆಲಸ. ನೀರು, ಸೌದೆ, ದನಕರು, ಚಿಕ್ಕ ಮಕ್ಕಳು ಇವೆಲ್ಲ ಹಿರಿಯ ಮಗಳ ಪಾಲಿನವು. ಅಕ್ಟೋಬರ್‌ನಿಂದ ಅಡಿಕೆ ಕೊಯ್ಲು, ಅಡಿಕೆ ಸುಲಿತ. ಮುಂದೆ ಭತ್ತದ ಸುಗ್ಗಿ. ರಾತ್ರಿ ಅಡಿಕೆ ಸುಲಿದ ಕೈಗೆ ಬೆಳಗ್ಗೆ ಪುಸ್ತಕ ಹಿಡಿಯುವ ಶಕ್ತಿ ಎಲ್ಲಿಂದ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಯಿತು. ಸೌದೆಗೆ, ದರಗಿಗೆ ಕಾಡು ಹೊಕ್ಕವರಿಗೆ ಅದರ ಅಪಾಯ ಹೆಚ್ಚು. ಬೇಸಿಗೆಯಲ್ಲಿ ಮನೆಯೊಂದರಲ್ಲಿ ಜ್ವರ ಬಂದರೆ ಆರೈಕೆಗೆ ನಿಲ್ಲುವವಳು ಯಾರೆಂದು ಕೇಳುವ ಅಗತ್ಯವಿಲ್ಲ.

ಮೂರನೆಯ ತಡೆ ಶಾಲೆಯೊಳಗೇ ಇದೆ. ನೀರಿಲ್ಲದ, ಬಾಗಿಲಿಲ್ಲದ ಶೌಚಾಲಯ ಹುಡುಗಿಯನ್ನು ಪ್ರತಿ ತಿಂಗಳು ಕೆಲವು ದಿನ ಮನೆಯಲ್ಲಿ ಕೂರಿಸುತ್ತದೆ. ತಪ್ಪಿದ ಪಾಠ ಗಣಿತದಲ್ಲಿ, ವಿಜ್ಞಾನದಲ್ಲಿ ಕಾಣಿಸುತ್ತದೆ. ಫೇಲಾದವಳಿಗೆ ಮನೆಯಲ್ಲಿ ‘ಓದು ಇವಳ ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪು ಸಿದ್ಧವಾಗಿರುತ್ತದೆ.

ನಾಲ್ಕನೆಯದು ಮದುವೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯ ಲೆಕ್ಕಾಚಾರದಲ್ಲಿ ಮಗಳ ಓದಿಗೆ ಹಾಕಿದ ಹಣ ಬೇರೆಯವರ ಹೊಲಕ್ಕೆ ಹಾಯಿಸಿದ ನೀರು. ಹೆಚ್ಚು ಓದಿದರೆ ಅದಕ್ಕಿಂತ ಹೆಚ್ಚು ಓದಿದ ಗಂಡು ಬೇಕು, ಅವನಿಗೆ ಹೆಚ್ಚು ವರದಕ್ಷಿಣೆ ಬೇಕು ಎಂಬ ಭಯ ಬೇರೆ. ಮದುವೆಯ ವಯಸ್ಸು ಕಾನೂನಿನಲ್ಲಿ 1929ರಲ್ಲಿ 14, ಅನಂತರ 15, 1978ರಲ್ಲಿ 18 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು. ಕರ್ನಾಟಕ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಎಂದು ಸಾರಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದು ಜನರಲ್ಲಿ ಒಬ್ಬಳು! ಶಾಲೆ ಬಿಟ್ಟ ಮೇಲೆ ಮದುವೆಯೋ, ಮದುವೆಗಾಗಿ ಶಾಲೆ ಬಿಡಿಸಿದ್ದೋ ಎಂದು ಕೇಳಿದರೆ ಎರಡೂ ನಿಜ. ಶಾಲೆಯಲ್ಲಿರುವ ಹುಡುಗಿ ಇನ್ನೂ ಮಗು. ಮನೆಯಲ್ಲಿ ಕುಳಿತವಳು ಮದುವೆಗೆ ಬಂದ ಹೆಣ್ಣು. ಲೋಕ ನೋಡುವುದು ಹೀಗೆ.

ತಡೆಗಳು ಕುಸಿದ ಬಗೆ

ಪ್ರಿಯರೇ, ಈ ಚರಿತ್ರೆ ಬರೀ ಗೋಳಿನ ಕಥೆಯಲ್ಲ. ಕಳೆದ ಕೆಲವು ದಶಕಗಳಲ್ಲಿ ಒಂದೊಂದೇ ಗೋಡೆ ಬಿದ್ದದ್ದನ್ನೂ ನಾವು ಕಂಡಿದ್ದೇವೆ. ಅವು ಹೇಗೆ ಬಿದ್ದವು ಎಂಬುದನ್ನು ಗಮನಿಸಬೇಕು.

2006–07ರಲ್ಲಿ ರಾಜ್ಯ ಸರ್ಕಾರ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆಗ ಹಣಕಾಸು ಖಾತೆ ಹೊಂದಿದ್ದವರು ಶಿಕಾರಿಪುರದ ಶಾಸಕರೇ. ಏಳಕ್ಕೂ ಎಂಟಕ್ಕೂ ನಡುವಿನ ಕಂದಕಕ್ಕೆ ಸರಿಯಾಗಿ ಹಾಕಿದ ಸೇತುವೆಯದು. ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೋಗುವ ದೃಶ್ಯ ಹಳ್ಳಿಯ ದಾರಿಗಳಲ್ಲಿ ಸಾಮಾನ್ಯವಾಯಿತು. ಒಬ್ಬಳೇ ಹೋಗಲು ಹೆದರುವ ದಾರಿಯಲ್ಲಿ ಹತ್ತು ಜನ ಒಟ್ಟಿಗೆ ಹೋದರೆ ಹೆದರಿಕೆಯಿಲ್ಲ. ಮಯೂರನಿಗೆ ತಾತ ಜೊತೆಯಾದಂತೆ ಇವರಿಗೆ ಗೆಳತಿಯರು ಜೊತೆಯಾದರು. 2020ರ ಸುಮಾರಿಗೆ, ಕೋವಿಡ್ ಕಾಲದಲ್ಲಿ, ಈ ವಿತರಣೆ ನಿಂತುಹೋದದ್ದು ವಿಷಾದದ ಸಂಗತಿ.

2007–08ರಿಂದ ಮಧ್ಯಾಹ್ನದ ಬಿಸಿಯೂಟ 8ರಿಂದ 10ನೆಯ ತರಗತಿಯವರೆಗೂ ವಿಸ್ತರಿಸಿತು. ಕೋಡಿಯಮಠದ ಶಾಸನ ಕಂಡಿದ್ದ ಸತ್ಯ, ಅಂದರೆ ಅನ್ನ ಮತ್ತು ಅಕ್ಷರ ಒಟ್ಟಿಗೆ ಇರಬೇಕೆಂಬುದು, ಮತ್ತೆ ಜಾರಿಗೆ ಬಂತು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬಡಮಕ್ಕಳಿಗೆ ಆಸರೆಯಾದವು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಬಂತು. ಅದೇ ವರ್ಷ ಶಾಲಾ ಶಿಕ್ಷಣ ಖಾತೆ ಸೊರಬದ ಶಾಸಕರ ಕೈಗೆ ಬಂತು.

ಪರಿಣಾಮವೂ ಕಾಣುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಮಹಿಳೆಯರ ಸಾಕ್ಷರತೆ 2001ರಲ್ಲಿ ನೂರಕ್ಕೆ ಸುಮಾರು 67 ಇದ್ದದ್ದು 2011ರಲ್ಲಿ ಸುಮಾರು 75 ಆಯಿತು. ಪುರುಷರದು 82ರಿಂದ 86ಕ್ಕೆ ಏರಿತು. ಅಂತರ ಅಳಿದಿಲ್ಲ, ಕಿರಿದಾಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗಲೆಲ್ಲ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹ ಪತ್ರಿಕೆಗಳಿಗೆ ರೂಢಿಯಾಗಿದೆ. ಇದರಿಂದ ತಿಳಿಯುವುದೇನು? ಹುಡುಗಿಯರಿಗೆ ಬುದ್ಧಿ ಹೊಸದಾಗಿ ಬರಲಿಲ್ಲ. ಸೈಕಲ್, ಊಟ, ಹಾಸ್ಟೆಲ್, ಬಸ್ಸು ಬಂದವು. ಬೋಧನೆಯಿಂದ ಬದಲಾಗದ ಮನಸ್ಸು ಎಷ್ಟೋ ಸಲ ಅನುಕೂಲದಿಂದ ಬದಲಾಗುತ್ತದೆ. ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂದು ಗೋಡೆಗಳ ಮೇಲೆ ಬರೆದೆವು. ಆದರೆ ಶಾಲೆಯೊಂದನ್ನು ಹತ್ತಿರಕ್ಕೆ ತಂದಾಗಲೇ ಹೆಣ್ಣು ಕಲಿತದ್ದು.

ಇನ್ನೂ ಉಳಿದಿರುವುದು

2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, 8ನೆಯ ತರಗತಿಯವರೆಗೆ ಹಕ್ಕು ಕೊಡುತ್ತದೆ. 9 ಮತ್ತು 10ನೆಯ ತರಗತಿ ಅದರ ಹೊರಗೆ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆ ಮಗಳಿಗೆ 18 ತುಂಬುವವರೆಗೆ ಮದುವೆ ಮಾಡಬಾರದೆಂಬ ಒಳ್ಳೆಯ ಷರತ್ತು ಹಾಕಿತು. ಆದರೆ ಓದಿನ ಷರತ್ತು ಅಲ್ಲಿಯೂ 8ನೆಯ ತರಗತಿಗೇ ನಿಂತಿತು. 14ಕ್ಕೆ ಹಕ್ಕು ಮುಗಿಯುತ್ತದೆ, 18ಕ್ಕೆ ಮದುವೆಯ ವಯಸ್ಸು ಬರುತ್ತದೆ. ನಡುವಿನ ಈ ನಾಲ್ಕು ವರ್ಷ ಹುಡುಗಿ ಯಾರ ಹೊಣೆ? ಹಿಂದೆ ಏಳರ ನಂತರ ಇದ್ದ ಕಂದಕ ಈಗ ಎಂಟರ ನಂತರಕ್ಕೆ, ಹತ್ತರ ನಂತರಕ್ಕೆ ಸರಿದಿದೆ.

ಉಚಿತ ಬಸ್ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಆದರೆ ನಮ್ಮ ಮಲೆನಾಡಿನ ಹಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಗುಳೆ ಹೋಗುವ ಕುಟುಂಬದ ಹುಡುಗಿಗೆ ತಾಲ್ಲೂಕು ಕೇಂದ್ರದ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕರೆ ಓದು ಉಳಿಯಿತು, ಇಲ್ಲದಿದ್ದರೆ ಇಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ, ಮನೆಯಲ್ಲಿದ್ದ ಒಂದೇ ಮೊಬೈಲ್ ಯಾರ ಕೈಗೆ ಹೋಯಿತೆಂದು ಹೇಳಬೇಕಿಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ರಾಜ್ಯವನ್ನು ಕಲಕಿದಾಗ ಅದರ ಬಿಸಿ ಶಿರಾಳಕೊಪ್ಪಕ್ಕೂ ತಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ದೊಡ್ಡವರ ವಾದ ಏನೇ ಇರಲಿ, ತರಗತಿಯ ದಿನಗಳನ್ನು ಕಳೆದುಕೊಂಡವರು ಹುಡುಗಿಯರು.

ನಮ್ಮ ಪಾಲಿನ ಕೆಲಸ

ಸಂತ ಲೂಕರ ಶುಭಸಂದೇಶದಲ್ಲಿ ಮಾರ್ತಾ ಮತ್ತು ಮರಿಯಾ ಎಂಬ ಅಕ್ಕತಂಗಿಯರ ಮನೆಗೆ ಪ್ರಭು ಯೇಸು ಬರುತ್ತಾರೆ. ಮಾರ್ತಾ ಅಡಿಗೆಮನೆಯ ಕೆಲಸದಲ್ಲಿ ಮುಳುಗಿರುತ್ತಾಳೆ. ಮರಿಯಾ ಗುರುವಿನ ಪಾದದ ಬಳಿ ಕುಳಿತು ಕೇಳುತ್ತಾಳೆ. ಆ ಕಾಲದಲ್ಲಿ ಗುರುವಿನ ಪಾದದ ಬಳಿ ಕುಳಿತುಕೊಳ್ಳುವುದು ಶಿಷ್ಯನ ಸ್ಥಾನ, ಗಂಡಸಿನ ಸ್ಥಾನ. ತಂಗಿಯನ್ನು ಕೆಲಸಕ್ಕೆ ಎಬ್ಬಿಸಿ ಎಂದು ಮಾರ್ತಾ ಕೇಳಿದಾಗ ಪ್ರಭು ಅವಳನ್ನು ಎಬ್ಬಿಸಲಿಲ್ಲ. ಅವಳು ಆರಿಸಿಕೊಂಡದ್ದನ್ನು ಯಾರೂ ಕಸಿಯಬಾರದೆಂದರು. ಪಾಠಕ್ಕೆ ಕುಳಿತ ಹುಡುಗಿಯನ್ನು ಕೆಲಸಕ್ಕೆ ಎಬ್ಬಿಸುವ ಮೊದಲು ಪ್ರತಿಯೊಂದು ಕ್ರೈಸ್ತ ಮನೆಯೂ ಈ ಮಾತನ್ನು ನೆನೆಯಬೇಕು. ಹಾಗೆಯೇ ಮಾರ್ತಾಳನ್ನು ಒಬ್ಬಳನ್ನೇ ಅಡಿಗೆಮನೆಯಲ್ಲಿ ಬಿಟ್ಟ ಉಳಿದವರೂ, ಮುಖ್ಯವಾಗಿ ಗಂಡಸರು, ಯೋಚಿಸಬೇಕು.

ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಪ್ರತಿ ಜೂನ್ ತಿಂಗಳಲ್ಲಿ ನಮ್ಮ ವ್ಯಾಪ್ತಿಯ ಹಳ್ಳಿ, ತಾಂಡಾ, ಕಾಲೊನಿಗಳಲ್ಲಿ ಏಳು, ಎಂಟು ಮತ್ತು ಹತ್ತನೆಯ ತರಗತಿ ಮುಗಿಸಿದ ಹುಡುಗಿಯರು, ಅವರು ಯಾವ ಜಾತಿ ಮತದವರೇ ಆಗಲಿ, ಮುಂದಿನ ತರಗತಿಗೆ ಸೇರಿದರೇ ಎಂದು ಹೆಸರು ಹಿಡಿದು ವಿಚಾರಿಸೋಣ. ಸೇರದಿದ್ದವರ ಮನೆಗೆ ಶಿಕ್ಷಕರೊಂದಿಗೆ, ಅಂಗನವಾಡಿ ಕಾರ್ಯಕರ್ತೆಯರೊಂದಿಗೆ ಹೋಗೋಣ. ಹಾಸ್ಟೆಲ್ ಅರ್ಜಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಕಾಗದಪತ್ರಗಳಿಗೆ ನಮ್ಮ ಯುವಜನರು ನೆರವಾಗಲಿ. ಗುಳೆ ಹೋಗುವ ಕಾಲದಲ್ಲಿ ಹುಡುಗಿಯೊಬ್ಬಳಿಗೆ ನೆರೆಮನೆಯಲ್ಲಿ ಮೂರು ತಿಂಗಳ ಆಶ್ರಯ ಸಿಕ್ಕರೆ ಒಂದು ವರ್ಷದ ಓದು ಉಳಿಯುತ್ತದೆ. 18 ತುಂಬದ ಮದುವೆಯ ಸುಳಿವು ಸಿಕ್ಕಿದರೆ ಸುಮ್ಮನಿರುವುದು ಬೇಡ; ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಸಾಕು. ಅಂಥ ಮದುವೆಯ ಊಟಕ್ಕೆ ಹೋಗಿ ಕುಳಿತುಕೊಳ್ಳುವುದೂ ಪಾಲುಗಾರಿಕೆಯೇ.

ಜಕ್ಕಿಯಬ್ಬೆ ತನ್ನ ಕೊನೆಗಾಲದಲ್ಲಿ ಮಗಳನ್ನು ಕರೆಸಿ ತನ್ನದನ್ನೆಲ್ಲ ಒಪ್ಪಿಸಿದಳು. ನಮ್ಮ ಬಡ ತಾಯಂದಿರಿಗೆ ಒಪ್ಪಿಸಲು ನಾಡಿಲ್ಲ, ಹೊಲವಿಲ್ಲ. ಅವರು ಮಗಳಿಗೆ ಕೊಡಬಹುದಾದ ಆಸ್ತಿ ಹತ್ತನೆಯ ತರಗತಿಯ ಅಂಕಪಟ್ಟಿ, ಅದರ ಮೇಲೆ ಅವಳದೇ ಹೆಸರು. ಈ ಹಬ್ಬದಂದು ಮಾತೆಗೆ ಹೂವು ಅರ್ಪಿಸುವ ಪ್ರತಿ ಹೆಣ್ಣುಮಗುವಿಗೂ ಆ ಆಸ್ತಿ ಸಿಗುವಂತೆ ನೋಡಿಕೊಳ್ಳೋಣ. ಅವಳು ಊರು ದಾಟುವಾಗ ಜೊತೆಗೆ ನಡೆಯುವ ಹಿರಿಯರು ನಾವಾಗೋಣ.